ಗೆರೆಯ ಮೇಲಿನ ಚೆಂಡು

ಸಲಾವುದ್ದೀನ್,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಿನ್ನ ಮಗಳು ಮುನ್ನಿ ಸೀಟಿ ಊದುತ್ತಾಳೆ, ಸದ್ದೇ ಬರುವುದಿಲ್ಲ, ಜನ ಮೈದಾನಕ್ಕೆ ನುಗ್ಗುತ್ತಾರೆ. ಇವತ್ತು ಸಿರುಗುಪ್ಪದ ಫುಟ್‌ಬಾಲ್ ಮ್ಯಾಚಿಗೆ ಅವಳೇ ರೆಫ್ರಿ ಆಗಿದ್ದಳು. ರೆಫ್ರಿಗಳಿಗೆ ಮಾರ್ಕ್ಸ್ ಹಾಕುವ ಕೆಲಸ, ನೀನು ತೀರಿದ ಮೇಲೆ, ಸಾಲಿ ಅರ್ಧಕ್ಕೆ ಬಿಟ್ಟ ನನ್ನ ಕೊರಳಿಗೆ ಬಿದ್ದಿದೆ. ನಾನು ಪಾಸು ಮಾಡಿದರೇನೇ ಅವಳಿಗೆ ಮೇಲಿನ ಲೀಗು.

ಸುಣ್ಣ ಸಿಗದೆ ರೈಸ್‌ಮಿಲ್ಲಿನ ಬೂದಿಯಲ್ಲಿ ಗೆರೆ ಎಳೆದಿದ್ದರು. ಆಟ ಮುಗಿಯುವ ಹೊತ್ತಿಗೆ ಅರ್ಧ ಗಾಳಿಗೆ ಹಾರಿತ್ತು. ಆಗಲೇ ಊರಿನ ತಂಡ ಒದ್ದ ಚೆಂಡನ್ನು ಗೋಲ್‌ಕೀಪರ್ ಗೆರೆಯ ಮೇಲೆ ಬಿದ್ದು ತಬ್ಬಿಕೊಂಡ. ಮುನ್ನಿ ಗೋಲು ಕೊಡಲಿಲ್ಲ.

"ಏ ಅಕ್ಕಾ, ಚಸ್ಮಾ ಹಾಕ್ಕಳ್ರಿ!" ಎಂದು ಒಬ್ಬ ಕೂಗಿದ.

"ನಾನು ಗೆರಿ ಮಗ್ಗಲಾಗ ಅದೀನಿ, ನೀವು ಚಾದಂಗಡ್ಯಾಗ ಅದೀರಿ. ಚಸ್ಮಾ ಯಾರಿಗೆ ಬೇಕಣ್ಣ?" ಎಂದಳು.

ಜನ ನಕ್ಕರು. ಅವಳು ಮಾತ್ರ ನಗದೆ, ನೀನು ಕೂರುತ್ತಿದ್ದ ಜಾಗದ ಕಡೆ ನೋಡಿದಳು. ಅಲ್ಲಿ ನಾನು ಕೂತಿದ್ದೆ.

ಅಲ್ಲಿಂದ ಗೆರೆ ನೇರಕ್ಕೆ ಕಾಣುತ್ತದೆ. ಚೆಂಡಿನ ಅಂಚು ಇನ್ನೂ ಬೂದಿಯ ಮೇಲೇ ಇತ್ತು, ಪೂರ್ತಿ ದಾಟಿರಲಿಲ್ಲ; ಪೂರ್ತಿ ದಾಟಿದರಷ್ಟೇ ಗೋಲು. ಅವಳದೇ ಸರಿ ಎಂದು ಬರೆದು ಪಾಸು ಮಾಡಿದೆ.

ಬರೆದ ಮೇಲೆ ಹಳೇದೊಂದು ನೆನಪಾಯಿತು. ಕುರುಗೋಡಿನ ಮ್ಯಾಚಿನಲ್ಲಿ ರೆಫ್ರಿಯಾಗಿದ್ದ ನೀನೂ, ಚೆಂಡು ಒದ್ದ ನನಗೆ ಹೀಗೇ ಗೋಲು ಕೊಡಲಿಲ್ಲ. ಅವತ್ತಿನಿಂದ ನಮಗೆ ಮಾತಿರಲಿಲ್ಲ. ಆಗ ನಾನು ದೂರ ಇದ್ದೆ, ನೀನು ಗೆರೆಯ ಪಕ್ಕದಲ್ಲೇ ಇದ್ದೆ. ಆ ಚೆಂಡನ್ನು ಇನ್ನೊಮ್ಮೆ ನೆನೆಸಿಕೊಂಡು ನೋಡು ದೋಸ್ತ, ಅದರ ಅಂಚೂ ಗೆರೆಯ ಮೇಲೆ ಇತ್ತಾ?