ಕೆಟ್ಟ ಶಾಕ್ ಪೆಟ್ಟಿಗೆಯನ್ನು ನಡೆಯುವಂತೆ ಮಾಡಿದ ಅಪರಾಧದ ಕುರಿತು

ಬೆಳೆ ರಕ್ಷಣೆಯ ಸೌರ ಬೇಲಿ ಯೋಜನೆಯ ಅನುಷ್ಠಾನಾಧಿಕಾರಿಗಳಿಗೆ,

ಮಾನ್ಯರೇ,

ತಾವು ಕಳಿಸಿದ ನೋಟಿಸು ಕಳೆದ ಗುರುವಾರ ನನ್ನ ಅಂಗಡಿಗೆ ಬಂದು ಮುಟ್ಟಿತು. "ಸರ್ಕಾರಿ ಮೊಹರು ಇರುವ ಶಾಕ್ ಪೆಟ್ಟಿಗೆಯನ್ನು ಅನುಮತಿಯಿಲ್ಲದೆ ಬಿಚ್ಚಿ, ಅದು ಕಾರ್ಯನಿರ್ವಹಿಸುವಂತೆ ಮಾಡಿರುವುದು ಕಂಡುಬಂದಿದ್ದು, ಏಳು ದಿನಗಳೊಳಗೆ ಸದರಿ ಪೆಟ್ಟಿಗೆಯನ್ನು ಯಥಾಸ್ಥಿತಿಗೆ ತರತಕ್ಕದ್ದು" ಎಂದು ಅದರಲ್ಲಿದೆ. ಮೂರು ಸಲ ಓದಿದೆ. ಸದರಿ ಪೆಟ್ಟಿಗೆಯ ಯಥಾಸ್ಥಿತಿ ಎಂದರೆ ಸತ್ತ ಸ್ಥಿತಿ. ಅದು ಒಂದು ವರ್ಷ ಸತ್ತೇ ಬಿದ್ದಿತ್ತು. ಬದುಕಿಸಿದ್ದು ತಪ್ಪು, ಮತ್ತೆ ಕೊಂದು ಕೊಡು ಎಂದು ಅಪ್ಪಣೆ ಕೊಡಿಸಿದ್ದೀರಿ. ಇದಕ್ಕೆ ಉತ್ತರ ಬರೆದುಕೊಂಡು ತಮ್ಮ ಕಚೇರಿಗೆ ಬಂದರೆ, ಟಪಾಲು ತೆಗೆದುಕೊಳ್ಳುವವರು "ಮೆಕ್ಯಾನಿಕ್ ಸಹಿ ಬೇಕ್ರಿ, ಅವ್ರನ್ನ ಕರಕೊಂಡು ಬರ್ರಿ" ಎಂದರು. "ನಾನ ರಿ ಮೆಕ್ಯಾನಿಕ್" ಎಂದೆ. ಅವರು ನನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೆಯೇ ಎಂದು ಇಣುಕಿ ನೋಡಿದರು. ಯಾರೂ ಇರಲಿಲ್ಲವಾದ್ದರಿಂದ ಉತ್ತರವನ್ನು ತೆಗೆದುಕೊಳ್ಳಲಿಲ್ಲ. ಆ ಕಾರಣಕ್ಕೆ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಕೂಡ್ಲಿಗಿಯಲ್ಲಿ ನಾನು ಮೋಟರ್ ವೈಂಡಿಂಗ್ ಅಂಗಡಿ ಇಟ್ಟು ಹನ್ನೆರಡು ವರ್ಷವಾಯಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಸುಟ್ಟ ಪಂಪ್‌ಸೆಟ್ ಮೋಟರುಗಳು ಬರುತ್ತವೆ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಈ ಹನ್ನೆರಡು ವರ್ಷಗಳಲ್ಲಿ ಮೋಟರು ಯಾಕೆ ತಿರುಗುತ್ತಿಲ್ಲ ಎಂದು ಕೇಳಿದವರನ್ನು ಕಂಡಿದ್ದೇನೆ. ಯಾಕೆ ತಿರುಗುತ್ತಿದೆ ಎಂದು ಕೇಳಿದವರು ತಾವೇ ಮೊದಲು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಗುಡ್ಡದ ಅಂಚಿನ ಹೊಲದಲ್ಲಿ ಶೇಂಗಾ ಬೆಳೆಯುವ ಪಾಲಾಕ್ಷಪ್ಪನಿಗೆ ಹೋದ ವರ್ಷ ಮುಂಗಾರಿಗೆ ತಾವು ಬೇಲಿ ಹಾಕಿಸಿಕೊಟ್ಟಿರಿ. ಶೇಂಗಾ ಬಲಿತರೆ ಗುಡ್ಡದ ಕರಡಿಗಳು ಇಳಿದು ಬಂದು ಗಿಡ ಕಿತ್ತು ತಿನ್ನುತ್ತವೆ. ಬೇಲಿ ಹಾಕಿದ ಮೇಲೆ, ತಂತಿಗೆ ವಿದ್ಯುತ್ತಿನ ಏಟು ಕೊಡುವ ಪೆಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು, ಒಂದು ಕರಡಿ ಮೂಗು ಸುಟ್ಟುಕೊಂಡು ಓಡಿಯೂ ಹೋಯಿತು. ಸೆಪ್ಟೆಂಬರಿನಲ್ಲಿ ಜೋರು ಮಳೆ ಬಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ಪಾಲಾಕ್ಷಪ್ಪನ ತಾಯಿ ಕೊಟ್ರಬಸಮ್ಮ ಆ ತಂತಿಯ ಮೇಲೆ ಹಸಿ ಸೀರೆ ಒಣಹಾಕಿದ್ದನ್ನು ಮಗ ನೋಡಿದ. ಕೂಗುತ್ತ ಓಡಿ ಬಂದ. ಅಜ್ಜಿಗೆ ಏನೂ ಆಗಿರಲಿಲ್ಲ. "ಈ ತಂತಿ ಬಾಳ ಚಲೋ ಐತಿ ನೋಡೋ, ಸೀರಿ ನೆಲಕ್ಕ ಹತ್ತಂಗಿಲ್ಲ" ಎಂದಳು. ಪೆಟ್ಟಿಗೆ ಕೆಟ್ಟಿದೆ ಎಂಬ ಸಂಗತಿ ತಿಳಿದದ್ದು ಹೀಗೆ. ಕರಡಿಗಳಿಗೂ ತಿಳಿಯಿತು. ಆ ವರ್ಷದ ಬೆಳೆಯಲ್ಲಿ ಅರ್ಧ ಅವುಗಳ ಪಾಲಾಯಿತು.

ಪಾಲಾಕ್ಷಪ್ಪ ತಮ್ಮ ಕಚೇರಿಗೆ ಹನ್ನೊಂದು ಸಲ ಅರ್ಜಿ ಹಿಡಿದು ಬಂದ. ಒಮ್ಮೆ ಕಂಪನಿಯವರೇ ರಿಪೇರಿ ಮಾಡಬೇಕು ಎಂದಿರಿ. ಕಂಪನಿ ಬಾಗಿಲು ಹಾಕಿದೆ ಎಂದು ಅವನು ತಿಳಿದುಕೊಂಡು ಬಂದಾಗ, ಹಾಗಿದ್ದರೆ ಬಾಗಿಲು ಹಾಕಿದ ಬಗ್ಗೆ ಕಂಪನಿಯಿಂದಲೇ ಪತ್ರ ತಾ ಎಂದಿರಿ. ಇನ್ನೊಮ್ಮೆ ತಮ್ಮ ಗುಮಾಸ್ತರು, ಕರಡಿ ಬಂದದ್ದು ಪೆಟ್ಟಿಗೆ ಕೆಡುವ ಮುಂಚೆಯೋ ಆಮೇಲೆಯೋ, ಸಾಕ್ಷಿ ಯಾರು ಎಂದು ಕೇಳಿದರು. ಸಾಕ್ಷಿ ಕರಡಿಯೇ ಎಂದು ಅವನು ಹೇಳಲಿಲ್ಲ, ಅವನು ಸಂಭಾವಿತ. ಪ್ರತಿ ಸಲವೂ ತಾವು ತಪ್ಪದೆ ಹೇಳಿದ ಒಂದು ಮಾತು: ಮೊಹರು ಮಾತ್ರ ಒಡೆಯಬೇಡ.

ಈ ವರ್ಷ ಸೆಪ್ಟೆಂಬರಿನಲ್ಲಿ, ಶೇಂಗಾ ಮತ್ತೆ ಬಲಿಯುತ್ತಿದ್ದಾಗ, ಪಾಲಾಕ್ಷಪ್ಪ ನನ್ನ ಅಂಗಡಿಗೆ ಬಂದ.

"ಅಕ್ಕಾ, ಇಪ್ಪತ್ತು ಮೀಟರ್ ವೈರ್ ಕೊಡ್ರಿ. ದಪ್ಪಂದು."

"ಎಲ್ಲಿಗೆ ಎಳಿತೀಯೋ ಪಾಲಾಕ್ಷಣ್ಣ?"

"ಪಂಪ್‌ಸೆಟ್ ಲೈನಿಂದ ಬೇಲಿಗೆ. ಆ ಪೆಟಗಿ ಸಂಗಾಟ ಸಾಕಾತು ನಂಗ."

ವೈರಿನ ಸುರುಳಿ ಬಿಚ್ಚುತ್ತಿದ್ದವಳು ನಿಲ್ಲಿಸಿದೆ. ಅದು ಕೊಲ್ಲುತ್ತದೆ, ಮಾರಾಯ, ಎಂದೆ. ಅವನು ನಕ್ಕ.

"ಪೆಟಗಿ ಮ್ಯಾಲ ಎಂಟು ಸಾವಿರ ವೋಲ್ಟ್ ಅಂತ ಬರದೈತಿ, ಅದು ಕೊಲ್ಲಂಗಿಲ್ಲ. ಲೈನಿನ್ಯಾಗ ಬರೇ ಇನ್ನೂರಾ ಮೂವತ್ತು, ಅದು ಕೊಲ್ಲತೈತಾ? ನಿಮ್ಮ ಲೆಕ್ಕ ಉಲ್ಟಾ ಐತಲ್ಲಕ್ಕ!"

"ಪೆಟಗಿ ಹೊಡದು ಬಿಟ್ಟು ಬಿಡತೈತಿ. ಲೈನು ಹಿಡದ್ರ ಬಿಡಂಗಿಲ್ಲ" ಎಂದೆ. "ಪೆಟಗ್ಯಾಗ ಕಣ್ಣು ಮುಚ್ಚಿ ತೆಗೆಯೂದ್ರಾಗ ಏಟು ಮುಗದು ಹೋಗತೈತಿ. ಆಮ್ಯಾಲ ಒಂದು ಸೆಕೆಂಡ್ ಏನೂ ಇರಂಗಿಲ್ಲ. ಅಷ್ಟ್ರಾಗ ಕರಡಿಯಾಗ್ಲಿ ಮನಷ್ಯಾ ಆಗ್ಲಿ ಕೈ ಬಿಡಿಸಿಕೋಬೋದು. ಲೈನಿನ್ಯಾಗ ಆ ಬಿಡುವು ಎಲ್ಲೈತಿ?"

ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆಗ ಕೇಳಿದೆ: "ನಿಮ್ಮವ್ವ ಸೀರಿ ಎಲ್ಲಿ ಒಣಹಾಕ್ತಾಳ ಈಗ?"

ಪಾಲಾಕ್ಷಪ್ಪ ಕೌಂಟರಿನ ಮೇಲಿದ್ದ ವೈರಿನ ಸುರುಳಿಯನ್ನು ನನ್ನ ಕಡೆಗೇ ತಳ್ಳಿದ. ಆಮೇಲೆ ಹೋಗಿ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದ. ಮಾನ್ಯರೇ, ಮೊಹರು ಒಡೆದದ್ದು ಆಗ, ಒಡೆದವಳು ನಾನು.

ಒಡೆದು ನಾನು ಕಂಡದ್ದನ್ನು ತಾವೂ ಕಾಣಬೇಕು. ಕೈ ಹಾಕುವ ಮೊದಲು ಒಂದು ಬಲ್ಬು ಜೋಡಿಸಿ ಕೆಪಾಸಿಟರನ್ನು ಬರಿದು ಮಾಡಿದೆ. ಪೆಟ್ಟಿಗೆ ಆರಿಸಿದ ಮೇಲೂ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಈ ಕೆಪಾಸಿಟರು ತುಂಬಿಕೊಂಡದ್ದನ್ನೆಲ್ಲ ಸೆಕೆಂಡಿಗೊಮ್ಮೆ ಪಲ್ಸ್ ಟ್ರಾನ್ಸ್‌ಫಾರ್ಮರ್ ಎಂಬ ಅಂಗೈಯಗಲದ ಸುರುಳಿಯೊಳಗೆ ಒಮ್ಮೆಲೇ ಸುರಿಯುತ್ತದೆ. ಕೆಲವೇ ಸುತ್ತಿನ ದಪ್ಪ ತಂತಿ ಒಂದು ಕಡೆ, ಕೂದಲಿನಂಥ ತಂತಿಯ ನೂರಾರು ಸುತ್ತು ಇನ್ನೊಂದು ಕಡೆ. ನಾಲ್ಕು ನೂರು ವೋಲ್ಟು ಎಂಟು ಸಾವಿರವಾಗುವುದು ಇಲ್ಲಿಯೇ. ಅಷ್ಟು ಒತ್ತಡ ಹೊರುವ ಸುರುಳಿಯ ಪದರ ಪದರದ ನಡುವೆ ವಿದ್ಯುತ್ತು ದಾಟದಂತೆ ತಡೆಯುವ ಇನ್ಸುಲೇಷನ್ ಪೇಪರ್ ಇರಬೇಕು. ತಮ್ಮ ಪೆಟ್ಟಿಗೆಯಲ್ಲಿ ಒಂದು ಚೂರೂ ಇರಲಿಲ್ಲ. ತೇವ ತಡೆಯುವ ವಾರ್ನಿಷು ಮೇಲೆ ಮಾತ್ರ ಹೊಳೆಯುತ್ತಿತ್ತು, ಒಳಗೆ ಇಳಿದಿರಲಿಲ್ಲ. ಮಳೆಯ ತೇವ ಸೇರಿದ್ದೇ ಒಳಗೊಳಗೇ ಕಿಡಿ ಹಾರಿ ಸುರುಳಿ ಸುಟ್ಟಿತ್ತು. ನೂರಾರು ಪುಟದ ತಮ್ಮ ಕಡತಕ್ಕೆ ಸಿಕ್ಕ ಕಾಗದದಲ್ಲಿ ನಾಲ್ಕು ಪಟ್ಟಿಯನ್ನು ಈ ಬಡ ಸುರುಳಿಗೂ ಕೊಟ್ಟಿದ್ದರೆ ಏನಾಗುತ್ತಿತ್ತು?

ನಾನು ಮೊದಲ ಸಲವೇ ಗೆದ್ದೆ ಎಂದು ಹೇಳಿಕೊಳ್ಳುವುದಿಲ್ಲ. ಮೋಟರಿಗೆ ಸುತ್ತಿದಂತೆ ಸುತ್ತಿ, ಅವಸರದಲ್ಲಿ ವಾರ್ನಿಷಿಗೆ ಅದ್ದಿದೆ. ಒಳಗೆ ಗಾಳಿಗುಳ್ಳೆ ಉಳಿದವು. ಚಾಲೂ ಮಾಡಿದ ಹತ್ತು ನಿಮಿಷಕ್ಕೆ ಚಟಚಟ ಎಂದು ಹೊಗೆ ಬಂತು. ಆ ಸಂಜೆ ನನ್ನ ಮುಖ ನೋಡಿ ಪಕ್ಕದ ಚಹಾದಂಗಡಿಯವರು ಕೇಳದೆಯೇ ಚಹಾ ಕಳಿಸಿದರು. ಎರಡನೆಯ ಸಲ ಸುರುಳಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಪದರಕ್ಕೂ ಪೇಪರ್ ಕೊಟ್ಟು, ಹೆಚ್ಚು ಒತ್ತಡದ ತುದಿಯನ್ನು ಸುರುಳಿಯ ನಡುವಿನ ಕಬ್ಬಿಣದಿಂದ ದೂರ ಇಟ್ಟು ಸುತ್ತಿದೆ. ವಾರ್ನಿಷು ನಿಧಾನ ಇಳಿಯಲು ಬಿಟ್ಟು, ಎರಡು ದಿನ ಇನ್ನೂರು ವ್ಯಾಟಿನ ಬಲ್ಬಿನ ಕೆಳಗೆ ಒಣಗಿಸಿದೆ. ಆ ಸಲ ಹೊಗೆ ಬರಲಿಲ್ಲ. ಟಕ್, ಟಕ್ ಎನ್ನುತ್ತ ನಡೆಯಿತು. ಏಟಿನ ಬಲವನ್ನಾಗಲಿ ನಡುವಿನ ಬಿಡುವನ್ನಾಗಲಿ ನಾನು ಬದಲಿಸಿಲ್ಲ. ಅದನ್ನು ಮುಟ್ಟುವುದು ಜೀವದ ಜೊತೆ ಆಟ.

ಹೊಲಕ್ಕೆ ಹೋಗಿ ನೋಡಿದರೆ ಇನ್ನೊಂದು ಸೊಗಸು ಕಾದಿತ್ತು. ತಮ್ಮವರು ನೆಲಕ್ಕೆ ಹೊಡೆದ ಅರ್ಥಿಂಗ್ ಸರಳು ಒಂದೇ ಒಂದು, ಅದೂ ಒಣ ಗರಸು ಮಣ್ಣಿನಲ್ಲಿ ಒಂದೂವರೆ ಅಡಿ. ಮಳೆಗೆ ನೆಲ ಹಸಿಯಿದ್ದಾಗ ಹೇಗೋ ನಡೆದಿರಬೇಕು; ಒಣಗಿ ನೆಲಕ್ಕೆ ದಾರಿಯಿಲ್ಲದಿದ್ದರೆ ಏಟು ಕರಡಿಗೆ ತಟ್ಟುವುದಾದರೂ ಹೇಗೆ? ಅವರ ಹೊಲದ ಮನೆಯ ಬಚ್ಚಲ ನೀರು ಹರಿಯುವ ಕಡೆ, ಪಂಪ್‌ಸೆಟ್ಟಿನ ಅರ್ಥಿಂಗಿನಿಂದ ದೂರ, ಮೂರು ಸರಳು ಆಳಕ್ಕೆ ಹೊಡೆಸಿದೆವು. ತಂತಿ ಮುಟ್ಟಬೇಡಿ ಎಂದು ಹಳದಿ ಹಲಗೆ ಬರೆಸಿ ತೂಗುಹಾಕಿದೆವು. ಕೊಟ್ರಬಸಮ್ಮನಿಗೆ ಬೇರೆ ಹಗ್ಗ ಕಟ್ಟಿಕೊಟ್ಟೆವು. ಐದನೆಯ ದಿನ ನಸುಕಿನಲ್ಲಿ ಕರಡಿ ಬಂತು. ನೋಡಿದವಳು ಆ ಅಜ್ಜಿಯೇ. "ಬಂತು, ಮೂಗು ಇಟ್ಟಿತು, ಅವ್ವನ್ನ ಕೂಗಕೊಂತ ಗುಡ್ಡ ಏರಿತು ನೋಡವ್ವಾ" ಎಂದು ನನಗೆ ವರದಿ ಒಪ್ಪಿಸಿದಳು. ಈ ವರ್ಷದ ಶೇಂಗಾ ಪೂರ್ತಿ ಮನೆಗೆ ಬಂತು.

ಬೆಳೆ ಕಿತ್ತ ವಾರವೇ ತಮ್ಮ ಪರಿಶೀಲಕರ ಜೀಪು ಬಂತು. ಹನ್ನೊಂದು ಅರ್ಜಿಗಳ ಫಲವಾಗಿ ಕೆಟ್ಟ ಪೆಟ್ಟಿಗೆಯ ಸ್ಥಳ ಪರಿಶೀಲನೆ. ನಾನೂ ಅಲ್ಲಿದ್ದೆ.

"ಸಾಹೇಬ್ರ, ತಂತಿ ಮುಟ್ಟಬ್ಯಾಡ್ರಿ, ನಡೀತೈತಿ" ಎಂದ ಪಾಲಾಕ್ಷಪ್ಪ.

"ದಾಖಲಿ ಪ್ರಕಾರ ಇದು ಕೆಟ್ಟೈತಿ" ಎಂದರು ಪರಿಶೀಲಕರು.

"ಹಲಗಿ ಓದ್ರಿ ಸರ್" ಎಂದೆ ನಾನು.

"ಹಲಗಿ ಇಲಾಖೆದಲ್ಲ" ಎಂದು ಹೇಳಿ ಅವರು ತಂತಿಯನ್ನು ಹಿಡಿದರು.

ಕಡತ ಒಂದು ಕಡೆ, ಕನ್ನಡಕ ಒಂದು ಕಡೆ, ಅವರು ಬದುವಿನ ಆಚೆ. ಒಂದು ಏಟು, ಅಷ್ಟೇ. ಕೈ ತಾನಾಗಿ ಬಿಟ್ಟಿತ್ತು. ನಾವು ಹಿಡಿದು ಎಬ್ಬಿಸಿ ಕೂರಿಸಿದೆವು. ಕೊಟ್ರಬಸಮ್ಮ ಮಜ್ಜಿಗೆ ತಂದುಕೊಟ್ಟು, "ಏನಾಗಂಗಿಲ್ಲ ಕುಡೀರಿ ಯಪ್ಪಾ, ಕರಡಿಗೂ ಏನಾಗ್ಲಿಲ್ಲ" ಎಂದು ಸಮಾಧಾನ ಹೇಳಿದಳು. ಕಾಲು ಗಂಟೆಯಲ್ಲಿ ಅವರು ಎದ್ದು, ಜೀಪಿನವರೆಗೆ ತಾವೇ ನಡೆದು ಹೋಗಿ, ನನ್ನ ಮೇಲೆ ಎರಡು ಪುಟದ ವರದಿ ಬರೆದರು. ಆ ವರದಿಯ ಅಕ್ಷರ ನೋಡಿ ಮಾನ್ಯರೇ, ಎಲ್ಲಿಯೂ ನಡುಗಿಲ್ಲ. ನನ್ನ ಸುರುಳಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಪಾಲಾಕ್ಷಪ್ಪ ಕೇಳಿದ ಇಪ್ಪತ್ತು ಮೀಟರ್ ವೈರನ್ನು ನಾನು ಕೊಟ್ಟಿದ್ದರೆ ಆ ದಿನ ವರದಿ ಬರೆಯುವವರು ಪೊಲೀಸರಾಗಿರುತ್ತಿದ್ದರು.

ಅಂದಿನಿಂದ ಇಂದಿನವರೆಗೆ ಹಿರೇಹಡಗಲಿಯಿಂದ, ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ, ಒಟ್ಟು ಒಂಬತ್ತು ಮಂದಿ ನನ್ನ ಅಂಗಡಿಗೆ ಬಂದಿದ್ದಾರೆ. ಎಲ್ಲರ ಪೆಟ್ಟಿಗೆಗೂ ಅದೇ ರೋಗ. ಅವರಲ್ಲಿ ನಾಲ್ವರು ಮೊದಲು ಕೇಳಿದ್ದು ಪೆಟ್ಟಿಗೆಯ ರಿಪೇರಿಯನ್ನಲ್ಲ, ವೈರನ್ನು. ನಗುನಗುತ್ತ ಬರೆಯುತ್ತಿದ್ದರೂ ಈ ಒಂದು ಸಾಲು ಬರೆಯುವಾಗ ನನಗೆ ನಗು ಬರುತ್ತಿಲ್ಲ. ನನ್ನ ಅಂಗಡಿಗೆ ಬಾರದೆ ನೇರ ಬೇರೆ ಅಂಗಡಿಯಲ್ಲಿ ವೈರು ಕೊಂಡವರು ಎಷ್ಟು ಮಂದಿ, ಬಲ್ಲವರು ಯಾರು?

ಆದುದರಿಂದ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಾವು ಹಂಚಿದ ಪೆಟ್ಟಿಗೆಗಳನ್ನೆಲ್ಲ ತರಿಸಿ ಬಿಚ್ಚಿಸಿ ನೋಡಿ. ಊರೂರಿಗೆ ಒಬ್ಬರನ್ನು ಕಳಿಸಿ, ಪೆಟ್ಟಿಗೆಯ ಏಟಿಗೂ ಲೈನಿನ ಏಟಿಗೂ ಇರುವ ವ್ಯತ್ಯಾಸವನ್ನು ಜನರ ಮಾತಿನಲ್ಲಿ ಹೇಳಿಸಿ. ಅಷ್ಟಾಗುವವರೆಗೆ ಬಲ್ಲವರು ರಿಪೇರಿ ಮಾಡಲು ಅಡ್ಡ ಬರಬೇಡಿ.

ಕೊನೆಗೆ ಒಂದು ಸಂಗತಿ. ಮೊನ್ನೆ ಶನಿವಾರ ತಮ್ಮ ಪರಿಶೀಲಕರೇ ಅಂಗಡಿಗೆ ಬಂದರು, ಈ ಸಲ ಜೀಪಿಲ್ಲದೆ, ಬಸ್ಸಿನಲ್ಲಿ. ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ಒಂದು ಗಂಟು. ಇಟ್ಟಿಗಿ ಎಂಬ ಊರಿನಲ್ಲಿ ಅವರ ಅಣ್ಣನ ಹೊಲವಿದೆಯಂತೆ, ಹಂದಿ ಕಾಟವಂತೆ, ಪೆಟ್ಟಿಗೆ ಕೆಟ್ಟಿದೆಯಂತೆ.

"ನಮ್ಮಣ್ಣ ಲೈನಿಗೆ ವೈರ್ ಹಾಕ್ತೀನಿ ಅಂತ ಕುಂತಾನ್ರಿ" ಎಂದು ತಲೆ ತಗ್ಗಿಸಿ ಹೇಳಿದರು. "ನಿಮ್ಮಂಗ ಮಾಡಿಕೊಡ್ರಿ ಅಕ್ಕಾ. ಬೇಕಾದ್ರ ಪೇಪರಿನ್ಯಾಗೂ ಬರೀರಿ. ಈ ಪೆಟಗಿ ಸರಿ ಇಲ್ಲಂತ ನಾನೂ ಆಫೀಸಿನ್ಯಾಗ ಹೇಳಿ ಹೇಳಿ ಸಾಕಾಗೇನಿ."

ಅವರ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಮೊಹರು ಇನ್ನೂ ಒಡೆದಿಲ್ಲ. ಒಡೆಯಲೋ ಬೇಡವೋ, ತಾವೇ ಲಿಖಿತವಾಗಿ ತಿಳಿಸಿ. ಸ್ವಲ್ಪ ಬೇಗ ತಿಳಿಸಿ, ಅವರಿಗೆ ಸೋಮವಾರ ಬನ್ನಿ ಎಂದಿದ್ದೇನೆ.

ಇಂತಿ, ಸರ್ಕಾರದ ಆಸ್ತಿಯನ್ನು ಉಪಯೋಗಕ್ಕೆ ಬರುವಂತೆ ಮಾಡಿ ಸಿಕ್ಕಿಬಿದ್ದ,
ಪುಷ್ಪಲತಾ
ಮೆಕ್ಯಾನಿಕ್ (ಹಿಂದೆ ಬೇರೆ ಯಾರೂ ನಿಂತಿಲ್ಲ)
ಕೂಡ್ಲಿಗಿ, ನವೆಂಬರ್ 2004