ಒರೆಗಲ್ಲಿಗೆ ಉಜ್ಜಿದ ನಿಬ್ಬು

೨೬-೮-೨೦೨೫, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬಾಲ್‌ಪೆನ್ನಿನಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು.

ಗೌರಿ ಹಬ್ಬಕ್ಕೆ ನಾಗಮಂಗಲದಿಂದ ಬಂದ ತಮ್ಮ ಲೋಕೇಶ ಬಾಗಿನದ ಜೊತೆ ಒಂದು ಇಂಕ್ ಪೆನ್ನು ತಂದಿದ್ದ. "ಅಪ್ಪನ ಪೆನ್ನಿನ ಕಂಪ್ನಿನೇ ಕಣಕ್ಕ. ಮುಚ್ಚೋಗಿತ್ತಲ್ಲ, ತಿರ್ಗಾ ಶುರು ಮಾಡವ್ರೆ," ಅಂದ. ಅಪ್ಪನ ಹಾಗೆಯೇ ಮೊದಲು 'ಶ್ರೀ' ಬರೆದು ನೋಡಿದೆ. ಕಣ್ಣು ತುಂಬಿತು.

ಅವನನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ನಮ್ಮನೆಯವರು ಆ ನಿಬ್ಬನ್ನು ಅಂಗಡಿಯ ಒರೆಗಲ್ಲಿಗೆ ಉಜ್ಜಿ ಕೂತಿದ್ದರು. "ಚಿನ್ನ ಅಲ್ಲ ಕಣೇ, ಬರೀ ಪಾಲಿಶು. ನಿನ್ ತಮ್ಮಂಗೆ ಯಾರೋ ಟೋಪಿ ಆಕವ್ರೆ." ತುದಿ ಸೊಟ್ಟಗಾಗಿತ್ತು. ಚಿನ್ನ ಅಂತ ಅವನು ಹೇಳಿಯೇ ಇರಲಿಲ್ಲ!

ಮದುವೆಯ ಮಾರನೇ ದಿನ ಅವ್ವ ಕೊಟ್ಟ ಓಲೆಯನ್ನೂ ಹೀಗೇ ಉಜ್ಜಿದ್ದರು. ಅಕ್ಕಸಾಲಿಯ ಕೈ, ಸುಮ್ಮನಿರದು ಅಂದುಕೊಂಡು ನಾನೇ ಸುಮ್ಮನಾಗಿದ್ದೆ.

ಇವತ್ತು ಆಗಲಿಲ್ಲ. "ನಮ್ಮಪ್ಪನ ಮನೆಯಿಂದ ಬಂದಿದ್ರಲ್ಲಿ ಉಜ್ಜಿ ನೋಡ್ದೆ ಉಳಿದಿರೋಳು ನಾನೊಬ್ಳೇ. ನನ್ನೂ ಉಜ್ಜಿ ನೋಡ್ಬುಡಿ!" ಅಂದುಬಿಟ್ಟೆ.

ಈಗ ಇಕ್ಕಳ ಹಿಡಿದು ನಿಬ್ಬು ನೆಟ್ಟಗೆ ಮಾಡುತ್ತಿದ್ದಾರೆ. ಮಾಡಲಿ. ಅವ್ವನ ಓಲೆ ಅಪ್ಪಟ ಚಿನ್ನ ಅಂತ ಈ ಮನುಷ್ಯ ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ.