ಆ ಹರಳನ್ನು ಸೂಜಿಯಿಂದ ಒಮ್ಮೆ ಒತ್ತಿ ನೋಡಿ

ಕ್ರಿ.ಶ. ೨೩೯೧, ಫೆಬ್ರವರಿ ೩೦

ಶ್ರೀಮತ್ ಸಕಲ ಡಿಎನ್‌ಎ ಸಾಮ್ರಾಜ್ಯ ಸಂರಕ್ಷಕಿ, ಹರಿದೆಳೆಗಳ ಸಂಧಾನಕರ್ತೆ, ಮೈನಸ್ ಎಂಬತ್ತರ ಫ್ರೀಜರ್ ಚಕ್ರವರ್ತಿನಿ, ಪಿಪೆಟ್ ಧುರಂಧರೆ ಡಾ. ಸುಮಂಗಲಾ ಕಲ್ಮಠ ಅವರ ಪಾದಾರವಿಂದಗಳಿಗೆ, ಅಂದರೆ ಆ ಪಾದಗಳಲ್ಲಿ ಇನ್ನೂ ಹವಾಯಿ ಚಪ್ಪಲಿ ಇದ್ದ ಕಾಲಕ್ಕೆ, ತಮ್ಮದೇ ಲ್ಯಾಬಿನ ಮುಂದಿನ ಕಾಲದ ಪೋಸ್ಟ್‌ಡಾಕ್ ಅಭಿಜ್ಞ ಬೆಣಕಲ್ ಮಾಡುವ ದೀರ್ಘದಂಡ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕೆಲಸದ ದಿನ ಸಾಲದೆಂದು ಫೆಬ್ರವರಿಯನ್ನು ಹಿಗ್ಗಿಸಿದ್ದೇವೆ. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ‘ನಿವೃತ್ತಿ’ಯಂಥ ಪದಗಳನ್ನು ನಾನು ಹಳೆಯ ನಿಘಂಟು ನೋಡಿ ಬರೆಯಬೇಕು.

ನಿಮ್ಮ ಪಾಡು ನನಗೆ ಗೊತ್ತು. ಕಡಿದುಹೋದ ಡಿಎನ್‌ಎಯ ಎರಡು ತುದಿಗಳನ್ನು ಹಿಡಿದು ಕೂಡಿಸುವ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದೀರಿ. ಅದು ಹರಳುಗಟ್ಟಿದರೆ ಮಾತ್ರ ಎಕ್ಸ್-ರೇ ಹಾಯಿಸಿ ಆಕಾರ ಕಾಣಬಹುದು. ಫೆಲೋಶಿಪ್ ಈ ತಿಂಗಳಿಗೆ ಮುಗಿಯುತ್ತದೆ. ಒಂದೇ ಒಂದು ಹನಿಯಲ್ಲಿ ಒಂದೇ ಒಂದು ಹರಳು ಮೂಡಿದೆ, ನೀವು ಅದರ ಪಕ್ಕ ಸೀನಲಿಕ್ಕೂ ಹೆದರುತ್ತಿದ್ದೀರಿ.

ಆ ಹರಳು ಅಸಲಿ, ಮೇಡಂ. ಅದನ್ನು ನೋಡಿ ಮಾಡಿದ ಮದ್ದಿಗೆ ನಾವು ‘ಹೊಲಿಗೆ’ ಎನ್ನುತ್ತೇವೆ. ತಿಂಗಳಿಗೊಮ್ಮೆ ಹೊಲಿಗೆ ಹಾಕಿಸಿಕೊಂಡವರಿಗೆ ಮುಪ್ಪಿಲ್ಲ, ಕ್ಯಾನ್ಸರ್ ಇಲ್ಲ. ಸಾಯಬೇಕೆಂದರೆ ಲಾರಿಯೇ ಗುದ್ದಬೇಕು. ಒಬ್ಬರು ಹೋದರೆ ಒಂದು ಮಗುವಿಗೆ ಅನುಮತಿ. ಹಾಗಾಗಿ ಹೊಸದಾಗಿ ಮದುವೆಯಾದವರು ಸಂಜೆ ಹೆದ್ದಾರಿಯ ಪಕ್ಕ ಕುರ್ಚಿ ಹಾಕಿಕೊಂಡು ಆಸೆಗಣ್ಣಿನಿಂದ ಕೂರುತ್ತಾರೆ. ನಮ್ಮಮ್ಮ ಇಂದಿಗೂ ಹಬ್ಬಕ್ಕೆ ಒಂದು ಲಾರಿಯ ಬಂಪರಿಗೆ ಕುಂಕುಮ ಹಚ್ಚಿ ಬರುತ್ತಾಳೆ. ಪಾಪ, ಆಕೆಗೆ ಮನೆಯಲ್ಲಿ ಒಂಬತ್ತು ಜನ ಅತ್ತೆಯಂದಿರು: ಅತ್ತೆ, ಅತ್ತೆಯ ಅತ್ತೆ, ಹೀಗೆ ಒಬ್ಬರ ಮೇಲೊಬ್ಬರು. ‘ಅತ್ತೆಗೊಂದು ಕಾಲ’ ಎಂಬಲ್ಲಿಗೇ ಈಗ ಗಾದೆ ಮುಗಿಯುತ್ತದೆ.

ಲ್ಯಾಬಿನಲ್ಲೂ ಅದೇ ಕತೆ. ನಮ್ಮ ಪ್ರೊಫೆಸರ್ ಮುನ್ನೂರು ಚಿಲ್ಲರೆ ವರ್ಷಗಳಿಂದ ಕುರ್ಚಿ ಬಿಟ್ಟಿಲ್ಲ. ಆ ಪ್ರೊಫೆಸರ್ ನೀವೇ. ನಿಮ್ಮ ಕೈಕೆಳಗೆ ನಾನು ತೊಂಬತ್ತು ವರ್ಷಗಳಿಂದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿಯೂ ತಾತ್ಕಾಲಿಕ. ಕೆಲಸ ಕಾಯಂ ಆಗದವನಿಗೆ ಯಾರೂ ಹೆಣ್ಣು ಕೊಡುತ್ತಿಲ್ಲ ಎಂದು ಗೋಗರೆದರೆ ನಿಮ್ಮ ಧಾರವಾಡದ ದನಿಯಲ್ಲಿ ಒಂದೇ ಉತ್ತರ: “ಅವಸರ ಯಾಕೋ ತಮ್ಮಾ? ವಯಸ್ಸೇನು ಓಡಿ ಹೊಂಟೈತೇನು?”

ಆದ್ದರಿಂದ ಸಮಸ್ತ ಮನುಕುಲದ ಪರವಾಗಿ ಒಂದು ವಿನಂತಿ. ಹರಳನ್ನು ಎಕ್ಸ್-ರೇಗೆ ಒಯ್ಯುವ ಮೊದಲು ಸೂಜಿಯಿಂದ ಒಮ್ಮೆ ಒತ್ತಿ ನೋಡಿ. ನಿಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಪರೀಕ್ಷೆಯೇ ಅದು. ಬರೀ ಉಪ್ಪಿನ ಹರಳಾಗಿದ್ದರೆ ‘ಟಕ್’ ಎಂದು ಒಡೆಯುತ್ತದೆ, ಪ್ರೋಟೀನಾಗಿದ್ದರೆ ಸದ್ದಿಲ್ಲದೆ ಬೆಣ್ಣೆಯ ಹಾಗೆ ಕುಸಿಯುತ್ತದೆ. ನಿಮ್ಮದು ಕುಸಿಯುತ್ತದೆ. ಇನ್ನೊಂದು ಬೆಳೆಯುವುದಿಲ್ಲ. ಫೆಲೋಶಿಪ್ ಹೋಗುತ್ತದೆ, ಪಿಯುಸಿ ಹುಡುಗರಿಗೆ ಟ್ಯೂಶನ್ ಹೇಳುತ್ತೀರಿ, ಮೊಣಕಾಲು ಹಿಡಿದುಕೊಳ್ಳುತ್ತದೆ, ಎಪ್ಪತ್ತರ ಆಸುಪಾಸಿನಲ್ಲಿ ಅಚ್ಚುಕಟ್ಟಾಗಿ ಸಾಯುತ್ತೀರಿ. ನಿಮ್ಮ ಹೆಸರು ಯಾರ ಬಾಯಲ್ಲೂ ಉಳಿಯುವುದಿಲ್ಲ. ಬಹುಶಃ ನಾನೂ ಹುಟ್ಟುವುದಿಲ್ಲ. ಅಡ್ಡಿಯಿಲ್ಲ, ಪೋಸ್ಟ್‌ಡಾಕ್ ಆಗಿ ಹುಟ್ಟುವುದಕ್ಕಿಂತ ಅದೇ ಮೇಲು.

ಒತ್ತಿ, ಮೇಡಂ.

ಇಂತಿ ತಮ್ಮ ಪರಮ ವಿಧೇಯ,
ಅಭಿಜ್ಞ

ತಾ.ಕ.: ಮನುಕುಲ, ಲಾರಿ, ಕುರ್ಚಿ, ಎಲ್ಲ ನೆಪ. ವರ್ಷಗಟ್ಟಲೆ ಕಾದು ಬೆಳೆಸಿದ ನನ್ನ ಹರಳನ್ನು ನಿನ್ನೆ ನೀವು ಇಡೀ ಲ್ಯಾಬಿನ ಎದುರು ಒತ್ತಿದಿರಿ. ‘ಟಕ್’ ಎಂದಿತು. “ಉಪ್ಪ ಬೆಳಸೀಯಲ್ಲೋ ತಮ್ಮಾ! ಮನಿಗೆ ಒಯ್ದು ಸಾರಿಗೆ ಹಾಕು,” ಎಂದಿರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟಕ್ಕೇ ಈ ಕಾಗದ.